ಓದುಗರ ಪ್ರಶ್ನೆ: ಹಳೇ ಪೇಟೆಯ ಕಲ್ಲುಮನೆ ಮತ್ತು ಭೂಕಂಪ

ಪ್ರಶ್ನೆ: 2016ರ ಆಗಸ್ಟ್ 24ರ ಭೂಕಂಪಕ್ಕೆ ಇಟಲಿಯ ಅಮಾತ್ರಿಚೆ ಪಟ್ಟಣದ ಹಳೇ ಪೇಟೆ ನೆಲಸಮವಾಯಿತು. ಅಲ್ಲೇ ಸಮೀಪದ ನೋರ್ಚಾದಲ್ಲಿ ಒಬ್ಬರೂ ಸಾಯಲಿಲ್ಲ. ಎರಡೂ ಕಲ್ಲುಮನೆಗಳ ಊರೇ. ಹಾಗಾದರೆ ವ್ಯತ್ಯಾಸ ಎಲ್ಲಿ?
— ಓದುಗರು, ಧಾರವಾಡ

ಉತ್ತರ: ನೆಲ ನಡುಗಿದ ಬಗೆ ಎರಡೂ ಕಡೆ ಒಂದೇ ಆಗಿರಲಿಲ್ಲ, ಅದು ನಿಜ. ಆದರೆ ನೋರ್ಚಾ ಬಹಳ ಹಿಂದೆಯೇ ಎಚ್ಚೆತ್ತ ಊರು. 1859ರ ಭೂಕಂಪದ ಮರುವರ್ಷವೇ ಅಲ್ಲಿ ಮನೆಯ ಎತ್ತರಕ್ಕೆ ಮಿತಿ ಹಾಕುವ ನಿಯಮ ಬಂತು. 1979 ಮತ್ತು 1997ರ ಭೂಕಂಪಗಳಾದ ಮೇಲೆ ರಿಪೇರಿಯ ಜೊತೆಗೇ ಗೋಡೆಗಳನ್ನು ಬಲಪಡಿಸಿದರು.

ಕಲ್ಲುಮನೆಯಲ್ಲಿ ಸಾಮಾನ್ಯವಾಗಿ ಮೊದಲು ಬೀಳುವುದು ಬೀದಿ ಕಡೆಯ ಗೋಡೆ. ಅಡ್ಡಗೋಡೆಯಿಂದ ಬಿಡಿಸಿಕೊಂಡು ಇಡಿಯಾಗಿ ಹೊರಕ್ಕೆ ವಾಲುತ್ತದೆ. ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ನೆಟ್ಟನೆಯ ಬಿರುಕು ಕಂಡರೆ ಬಿಡಿಸಿಕೊಳ್ಳುವುದು ಶುರುವಾಗಿದೆ ಎಂದೇ ತಿಳಿಯಿರಿ. ಇದಕ್ಕೆ ಇಟಲಿಯವರ ಹಳೆಯ ಮದ್ದು ಕಬ್ಬಿಣದ ಸರಳು. ಪ್ರತಿ ಮಹಡಿಯ ಮಟ್ಟದಲ್ಲಿ, ಅಡ್ಡಗೋಡೆಗೆ ಒತ್ತಿಕೊಂಡಂತೆ ಎರಡೂ ಬದಿಗೆ 20–25 ಮಿ.ಮೀ. ಸರಳು ಹಾಯಿಸಿ, ಹೊರಮೈಗೆ ದಪ್ಪ ಪ್ಲೇಟು ಕೊಟ್ಟು, ಸಡಿಲ ಉಳಿಯದಂತೆ ನಟ್ಟು ಬಿಗಿಯುತ್ತಾರೆ. ಪ್ಲೇಟಿನ ಹಿಂದಿನ ಗೋಡೆ ಪೊಳ್ಳಾಗಿದ್ದರೆ ಪ್ಲೇಟೇ ಒಳಕ್ಕೆ ನುಗ್ಗೀತು. ಆದ್ದರಿಂದ ಮೊದಲು ಗೋಡೆಗೆ ಕೊಳವೆಗಳನ್ನು ಕೂರಿಸಿ, ಸುಣ್ಣದ ತಿಳಿಗಾರೆಯನ್ನು ಸುಮಾರು 1 ಬಾರ್ ಒತ್ತಡದಲ್ಲಿ, ಕೆಳಗಿನಿಂದ ಮೇಲಕ್ಕೆ, ಪಕ್ಕದ ಕೊಳವೆಯಲ್ಲಿ ಗಾರೆ ಕಾಣುವವರೆಗೆ ತುಂಬಬೇಕು. ಒತ್ತಡ ಹೆಚ್ಚಿಸಿದರೆ ಗೋಡೆಯ ಒಳಮುಖ, ಹೊರಮುಖದ ಎರಡು ಕಲ್ಲುಪದರಗಳು ಬೇರೆಯಾಗುತ್ತವೆ.

ಕಾಂಕ್ರೀಟ್ ಸುರಿದರೆ ಗಟ್ಟಿ ಎಂಬ ನಂಬಿಕೆ ಅಲ್ಲೂ ಇತ್ತು. ಮರದ ಜಂತೆ ತೆಗೆದು ಆರ್‌ಸಿಸಿ ಸ್ಲ್ಯಾಬ್ ಹಾಕಿದ ಎಷ್ಟೋ ಮನೆಗಳಲ್ಲಿ, 1997ರಲ್ಲಿ ನೋರ್ಚಾ ಇರುವ ಉಂಬ್ರಿಯಾ ಪ್ರಾಂತ್ಯದಲ್ಲಾದ ಭೂಕಂಪದ ಹೊತ್ತಿಗೆ ಆ ಭಾರವೇ ಕೆಳಗಿನ ಬಡಕಲು ಗೋಡೆಯನ್ನು ಕೆಡವಿತು. ಮರವನ್ನು ಉಳಿಸಿ, ಹಳೇ ಹಲಗೆಗಳ ಮೇಲೆ ಅಡ್ಡಲಾಗಿ ಇನ್ನೊಂದು ಪದರ ಹಲಗೆ ಸ್ಕ್ರೂ ಹಾಕಿ, ತೊಲೆಯ ತುದಿಗಳನ್ನು ಉಕ್ಕಿನ ಪಟ್ಟಿಯಿಂದ ಗೋಡೆಗೆ ಬಿಗಿಯುವುದೇ ಮೇಲು.

ಸಾಲುಮನೆಗಳಲ್ಲಿ ಒಬ್ಬರೇ ಮಾಡಿಸಿಕೊಂಡರೆ ಸಾಲದು. ನಡುವಿನ ಮನೆಗೆ ಎರಡೂ ಕಡೆ ಆಸರೆಯಿದೆ, ತುದಿಯ ಮನೆಗೆ ಒಂದೇ ಕಡೆ. ಅಂಗಡಿಗೆಂದು ಯಾರೋ ಕೆಳಗಿನ ಗೋಡೆ ಒಡೆದರೆ ಅಪಾಯ ಪಕ್ಕದವರಿಗೂ ತಗಲುತ್ತದೆ. ಇನ್ನು ಚರ್ಚುಗಳ ಮಾತೇ ಬೇರೆ: ಎತ್ತರದ ಗೋಡೆ, ನಡುವೆ ಅಡ್ಡಗೋಡೆಯಿಲ್ಲ. 2016ರ ಅಕ್ಟೋಬರ್ 30ರ ಇನ್ನೂ ದೊಡ್ಡ ಕಂಪನದಲ್ಲಿ ನೋರ್ಚಾದ ಸಂತ ಬೆನೆಡಿಕ್ಟ್ ಬೆಸಿಲಿಕಾದಲ್ಲಿ ಮುಂಗೋಡೆ ಬಿಟ್ಟು ಹೆಚ್ಚಿನದೇನೂ ಉಳಿಯಲಿಲ್ಲ.

ಪ್ರಶ್ನೆ: ನಮ್ಮದು ಹಳೇ ಪೇಟೆಯ ಮನೆ. ಎರಡಡಿ ದಪ್ಪದ ಕಲ್ಲು–ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೀದಿ ಗೋಡೆ ಒಂದು ಕಡೆ ಉಬ್ಬಿದೆ. ಸಿಮೆಂಟ್ ಗಿಲಾವು ಮಾಡಿಸಿದರೆ ಸಾಕೆ?
— ಓದುಗರು, ಕಲಬುರಗಿ

ಉತ್ತರ: ಸಾಲದು. ಗಿಲಾವು ಉಬ್ಬನ್ನು ಮರೆಮಾಡುತ್ತದೆಯೇ ಹೊರತು ಹಿಡಿದಿಡುವುದಿಲ್ಲ. ತೇವವನ್ನೂ ಒಳಗೇ ಕಟ್ಟಿಹಾಕುತ್ತದೆ. ನಿಮ್ಮ ನೆರೆಯ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಜನರನ್ನು ಕೊಂದದ್ದು ಇಂಥ ಮನೆಗಳೇ: ಎರಡು ಮುಖದ ಕಲ್ಲುಗಳ ನಡುವೆ ಚೂರುಕಲ್ಲು, ಮಣ್ಣು, ಎರಡನ್ನೂ ಹಿಡಿಯುವ ಉದ್ದಗಲ್ಲು ಇಲ್ಲ, ತಲೆಯ ಮೇಲೆ ಟನ್ನುಗಟ್ಟಲೆ ಮಣ್ಣು. ಅರ್ಧ ಮೀಟರ್ ದಪ್ಪದ ಮಾಳಿಗೆಯೆಂದರೆ ಚದರ ಮೀಟರಿಗೆ ಸುಮಾರು 800 ಕೆ.ಜಿ.

ಮೊದಲು ವರ್ಷವರ್ಷ ಸುರಿದ ಮೇಲ್ಮಣ್ಣನ್ನು ಇಳಿಸಿ. ಉಬ್ಬಿದ ಭಾಗದ ಜಂತೆಗಳಿಗೆ ಆಸರೆ ಕೊಟ್ಟು, ಅಷ್ಟನ್ನು ಬಿಚ್ಚಿ, ಉದ್ದಗಲ್ಲು ಇಟ್ಟು ಮತ್ತೆ ಕಟ್ಟಿಸಿ. ಉಳಿದ ಗೋಡೆಯಲ್ಲಿ ಉದ್ದಗಲ್ಲಿನ ಬದಲು ಕಾಂಕ್ರೀಟಿನ ಕೊಂಡಿ ಹಾಕಿಸಬಹುದು. ಅದಕ್ಕೆ ಉದ್ದಕ್ಕೂ ಎತ್ತರಕ್ಕೂ ಮೀಟರಿಗೊಂದರಂತೆ, ಸಾಲಿನಿಂದ ಸಾಲಿಗೆ ಅರ್ಧ ಮೀಟರ್ ಸರಿಸಿ, ಗುರುತು ಹಾಕಿಸಿ. ಗುರುತಿನ ಕಲ್ಲಿನ ಸುತ್ತಲ ಮಣ್ಣು ಕೆರೆದು, ಚಿಕ್ಕ ಹಾರೆಯಿಂದ ಮೆಲ್ಲಗೆ ಅಲುಗಿಸಿ ಹೊರತೆಗೆದು, ಗೋಡೆಯ ಆಚೆ ಮುಖದವರೆಗೆ ತೂತು ಮಾಡಬೇಕು. ಸುತ್ತಿಗೆ ಬೀಸಿದರೆ ಸುತ್ತಲಿನ ಕಲ್ಲುಗಳೂ ಸಡಿಲವಾಗುತ್ತವೆ. 75 ಮಿ.ಮೀ. ತೂತು ಸಾಕು, ಎರಡೂ ಮುಖದಲ್ಲಿ ಅಗಲವಾಗಿ ನಡುವೆ ಕಿರಿದಾಗಿದ್ದರೆ ಇನ್ನೂ ಒಳ್ಳೆಯದು. 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟನ್ನು ಅರ್ಧ ತುಂಬಿ, ಎರಡೂ ತುದಿ ಬಗ್ಗಿಸಿದ 8 ಮಿ.ಮೀ. ಸರಳು ಇಟ್ಟು, ಪೂರ್ತಿ ತುಂಬಿಸಿ. ಎರಡೂ ಬದಿಯಿಂದ ಕನಿಷ್ಠ 10 ದಿನ ನೀರು ಚಿಮುಕಿಸಬೇಕು. ಒಂದೇ ದಿನ ಅಕ್ಕಪಕ್ಕದ ತೂತುಗಳನ್ನೆಲ್ಲ ತೆರೆಯಲು ಬಿಡಬೇಡಿ.