ಉ: ದೋಣಿಗಾಲ್ ಕಟಿಂಗ್ ಮಾಡೆಲ್ ಕುಸೀತಾನೇ ಇಲ್ಲ

ಸಕಲೇಶಪುರದ ಹತ್ರ ದೋಣಿಗಾಲ್‌ನಲ್ಲಿ ಗುಡ್ಡ ಕಡಿದ ಜಾಗದ (ಕಟಿಂಗ್) ಮಾಡೆಲನ್ನ ಗಾಜಿನ ಪೆಟ್ಟಿಗೆಲಿ ಮಾಡಿದೀರ, ಅದು ನೆಟ್ಟಗೆ ಕಡಿದ್ರೂ ಬೀಳ್ತಿಲ್ಲ ಅಂದ್ರೆ ಮಣ್ಣಿನ ಅಂಟೇ ಕಾರಣ ಇರ್ಬೇಕು. 6 ಮೀಟರ್ ಕಟಿಂಗನ್ನ 1:20ಕ್ಕೆ ಇಳಿಸಿ ಅಲ್ಲಿನ ಕೆಂಪು ಮಣ್ಣನ್ನೇ ತುಂಬಿದೀರ, ಒಳಗಿನ ಒತ್ತಡ 20ರಲ್ಲಿ ಒಂದು ಪಾಲಾಯ್ತು ಆದ್ರೆ ಕೊಹೀಷನ್ (ಮಣ್ಣಿನ ಅಂಟು) ಹಾಗೇ ಉಳೀತು. ಆ ಅಂಟು ಬರೀ 10 ಕಿಲೋಪಾಸ್ಕಲ್ ಇದ್ರೂ ಆ ಮಣ್ಣು 2 ಮೀಟರ್ ನೆಟ್ಟಗೆ ನಿಲ್ಲುತ್ತೆ, ನಿಮ್ದು ಬರೀ 30 ಸೆಂಟಿಮೀಟರ್, ಎಲ್ಲಿ ಬೀಳುತ್ತೆ ಪಾಪ.

ಅಂಟೂ 20ರಲ್ಲಿ ಒಂದು ಪಾಲಾಗ್ಬೇಕು, ಅದಕ್ಕೆ ಮೊದ್ಲು ಮರಳಿಗೆ ಆ ಮಣ್ಣು ಸ್ವಲ್ಪ ಸ್ವಲ್ಪ ಬೆರೆಸಿ ಮಿಕ್ಸ್ ಮಾಡ್ಕೊಳಿ, ಪಾಲು ಎಷ್ಟು ಅಂತ ಹೇಳೋಕಾಗಲ್ಲ, ನೋಡಿ ನೋಡೇ ಹಿಡೀಬೇಕು. ಇಷ್ಟು ಕಮ್ಮಿ ಒತ್ತಡದಲ್ಲಿ ಡೈರೆಕ್ಟ್ ಶಿಯರ್ (ಮಣ್ಣನ್ನ ಅಡ್ಡಕ್ಕೆ ಜಾರಿಸಿ ಗಟ್ಟಿತನ ಅಳೆಯೋ ಲ್ಯಾಬ್ ಪರೀಕ್ಷೆ) ರೀಡಿಂಗ್ ನಂಬ್ಬೇಡಿ, ಸುಮ್ನೆ ನೆಟ್ಟಗೆ ಕಡೀತಾ ಹೋಗಿ, ಆ 2 ಮೀಟರ್‌ನ 20ರಲ್ಲಿ ಒಂದು ಪಾಲು ಅಂದ್ರೆ ಹತ್ತು ಹನ್ನೊಂದು ಸೆಂಟಿಮೀಟರ್‌ಗೆ ಕುಸಿದ್ರೆ ಮಿಕ್ಸ್ ಸರಿ ಇದೆ. ತೇವ ಪ್ರತೀ ಸಲ ತೂಕ ಮಾಡಿ ಒಂದೇ ಇಡಿ, ಒದ್ದೆ ಮರಳೂ ಅಂಟು ತೋರ್ಸುತ್ತೆ.

ಆಮೇಲೆ ಗಾಜಿನ ಒಳಗಡೆ ಗ್ರೀಸ್ ಸವರಿ ತೆಳು ಪ್ಲಾಸ್ಟಿಕ್ ಹಾಳೆ ಅಂಟ್ಸಿ, ಇಲ್ದಿದ್ರೆ ಪಕ್ಕದ ಗೋಡೆನೇ ಮಣ್ಣನ್ನ ಹಿಡ್ಕೊಳುತ್ತೆ. ತುಂಬೋವಾಗ ಗಾಜಿನ ಪಕ್ಕ ಪ್ರತೀ 3 ಸೆಂಟಿಮೀಟರ್‌ಗೆ ರಂಗೋಲಿ ಪುಡಿ ಗೆರೆ ಎಳೀರಿ, ಗೆರೆ ಎಲ್ಲಿ ಮುರಿಯುತ್ತೋ ಜಾರಿದ್ದು ಅಲ್ಲೇ.

ಇಳಿಜಾರನ್ನ ಮೊದ್ಲೇ ಕಟ್ಬೇಡಿ. ಪೂರ್ತಿ ತುಂಬಿ, ಜೆಸಿಬಿ ಕಡಿಯೋ ಥರ ಮೇಲಿಂದ ನಾಲ್ಕು ಹಂತದಲ್ಲಿ ತೆಗೀರಿ. ಬೀಳ್ದಿದ್ರೆ ಹಿಂದಗಡೆಯಿಂದ ನೀರು ಬಿಟ್ಟು ಮಟ್ಟ ನಿಧಾನಕ್ಕೆ ಏರ್ಸಿ, ಮೇಲಿಂದ ಚಿಮುಕಿಸಿದ್ರೆ ಮುಖ ಮಾತ್ರ ಕೊಚ್ಚಿ ಹೋಗುತ್ತೆ.

ಅಸಲಿ ಮಣ್ಣೇ ಬೇಕು ಅಂತ ಪ್ರಾಜೆಕ್ಟ್ ಗೈಡ್ ಹಠ ಹಿಡಿದ್ರೆ ಸೆಂಟ್ರಿಫ್ಯೂಜಲ್ಲಿ (ಮಾಡೆಲನ್ನ ಗಿರಗಿರ ತಿರುಗಿಸಿ ಭಾರ ಹೆಚ್ಚಿಸೋ ಯಂತ್ರ) 20 ಪಟ್ಟು ಗುರುತ್ವ ಕೊಡ್ಲೇಬೇಕು, ಐಐಟಿ ಬಾಂಬೆಲಿ ಇದೆ, ಗೈಡ್ ಕೈಲೇ ಅಲ್ಲಿಗೆ ಒಂದು ಲೆಟರ್ ಬರೆಸಿ.