ರೋಮನ್ ಗಡಿಕೋಟೆಯ ಸಾಮಾನ್ಯ ಸೈನಿಕನಿಗೆ ಕರಿಮೆಣಸು ಸಿಗುತ್ತಿತ್ತೇ?

ಸಿಗುತ್ತಿತ್ತು, ದುಡ್ಡು ಬಿಚ್ಚಿದರೆ. ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಕೋಟೆಯ ಹಸಿ ಮಣ್ಣಿನಲ್ಲಿ, ಶಾಯಿಯಲ್ಲಿ ಬರೆದ ತೆಳು ಮರದ ಹಲಗೆಗಳು 1973ರಿಂದ ಸಿಗುತ್ತಿವೆ. ಸುಮಾರು 1900 ವರ್ಷ ಹಳೆಯ ಅಂಥದೊಂದು ಲೆಕ್ಕದಲ್ಲಿ ಗಂಬಾಕ್ಸ್ ಎಂಬ ಸೈನಿಕನ ಹೆಸರಿನ ಕೆಳಗೆ ‘ಮೆಣಸು, 2 ದಿನಾರಿ (ರೋಮನ್ ಬೆಳ್ಳಿ ನಾಣ್ಯ)’ ಎಂದಿದೆ. ರೋಮನ್ ಪೌರರ ಮುಖ್ಯ ಪಡೆಯಾದ ಲೀಜನ್‌ನ ಸೈನಿಕನಿಗೇ ಆಗ ವರ್ಷಕ್ಕೆ 300 ದಿನಾರಿ ಸಂಬಳ!

ಆ ಮೆಣಸು ನಮ್ಮ ನೆರೆಯ ಮಲಬಾರಿನದು. ಮುಂಗಾರು ಕಳೆದ ಮೇಲಿನ ಗಾಳಿ ಹಿಡಿದು ಹಡಗು ಕೆಂಪು ಸಮುದ್ರ ಸೇರಬೇಕು. ಅಲ್ಲಿಂದ ಮರುಭೂಮಿಯಲ್ಲಿ ಒಂಟೆ, ನೈಲ್ ನದಿಯಲ್ಲಿ ದೋಣಿ, ಅಲೆಕ್ಸಾಂಡ್ರಿಯದಿಂದ ಮತ್ತೆ ಹಡಗು. ಈಜಿಪ್ಟಿನ ಬೆರೆನೀಕೆ ಬಂದರಿನಲ್ಲಿ ಭಾರತದ ಹರವಿಯೊಂದು ಏಳೂವರೆ ಕಿಲೋ ಮೆಣಸಿನ ಸಮೇತ ಸಿಕ್ಕಿದೆ.

ವಿಂಡೊಲಾಂಡದ ಇನ್ನೊಂದು ಹಲಗೆಯಲ್ಲಿ, ಗೆಳೆಯನೊಬ್ಬ 50 ಸಿಂಪಿಗಳನ್ನು ಕಳಿಸಿದ್ದಾನೆ ಎಂಬ ಸಂಭ್ರಮವಿದೆ. ತಿನ್ನುವುದಕ್ಕೇ!