ಕಾಲಿನ ನೀರನ್ನು ಮೇಲಕ್ಕೆ ಎತ್ತುವವರು ಯಾರು?

ಪ್ರಶ್ನೆ: ನಮ್ಮ ಅವ್ವ ಕಲಬುರಗಿಯಲ್ಲಿ ರೊಟ್ಟಿ ಮಾಡಿ ಮಾರುತ್ತಾರೆ. ದಿನವಿಡೀ ಒಲೆ ಮುಂದೆ ಕೂತೇ ಇರುತ್ತಾರೆ. ಎರಡು ವರ್ಷದಿಂದ ಎಡಗಾಲಿಗೆ ಬಾವು. ಆನೆಕಾಲು ಹುಳುವಿನಿಂದ ದುಗ್ಧರಸ ನಾಳ ಕೆಟ್ಟಿದೆ ಎಂದರು ಡಾಕ್ಟರ್. ರಕ್ತಕ್ಕೆ ಹೃದಯ ಇದೆ, ಈ ರಸವನ್ನು ಮೇಲೆತ್ತುವುದು ಯಾವುದು?

ಉತ್ತರ: ನಾಳವೇ ಎತ್ತುತ್ತದೆ. ಅದು ತನ್ನಷ್ಟಕ್ಕೆ ತಾನೇ ಮಿಡಿಯುತ್ತದೆ.

ರಕ್ತನಾಳದಿಂದ ಸೋರಿದ ನೀರೇ ಈ ದುಗ್ಧರಸ. ಅದು ಮೊದಲು ತೀರಾ ಸಣ್ಣ ಕೊಳವೆಗಳಿಗೆ ಇಳಿಯುತ್ತದೆ. ಅವಕ್ಕೆ ಸ್ನಾಯು ಇಲ್ಲ, ಸುತ್ತಲಿನ ಮಾಂಸ ಅಲ್ಲಾಡಿದರೆ ಚೆನ್ನಾಗಿ ತುಂಬುತ್ತವೆ. ಮುಂದಿನ ದೊಡ್ಡ ನಾಳ ನೋಡಲು ಮಣಿಸರದ ಹಾಗೆ. ಎರಡು ಕವಾಟಗಳ ನಡುವಿನ ತುಂಡು ಒಂದು ಮಣಿ. ರಸ ತುಂಬಿ ಮಣಿ ಹಿಗ್ಗಿದರೆ ಸಾಕು, ಗೋಡೆಯ ಸ್ನಾಯುಕೋಶಗಳಿಗೆ ಕ್ಯಾಲ್ಸಿಯಂ ನುಗ್ಗಿ ಅದು ಹಿಂಡಿಕೊಳ್ಳುತ್ತದೆ. ರಸ ಮೇಲಿನ ಮಣಿಗೆ ಹೋಗುತ್ತದೆ. ಈಗ ಅದರ ಸರದಿ. ಹೀಗೆ ನಿಮಿಷಕ್ಕೆ ಕೆಲವು ಸಲ, ನಿದ್ದೆಯಲ್ಲೂ ನಡೆದೇ ಇರುತ್ತದೆ. 1980ರಲ್ಲಿ ಓಲ್ಷೆವ್‌ಸ್ಕಿ ಮತ್ತು ಎಂಗೆಸೆಟ್ ಎಂಬ ಸಂಶೋಧಕರು ಆರೋಗ್ಯವಂತರ ಕಾಲಿನ ನಾಳದಲ್ಲೇ ಇದನ್ನು ಅಳೆದರು. ಕಾಲು ಅಲ್ಲಾಡಿಸದಿದ್ದಾಗಲೂ ನಾಳ ಹಿಂಡಿದಾಗಲೆಲ್ಲ ರಸ ಮುಂದೆ ಹರಿಯಿತು. ಕೊನೆಗೆ ಅದು ಕುತ್ತಿಗೆ ಬುಡದಲ್ಲಿ ರಕ್ತ ಸೇರುತ್ತದೆ.

ಕವಾಟ ಅಂದರೆ ಬಾವಿ ಪಂಪಿನ ಫುಟ್‌ವಾಲ್ವ್ ಇದ್ದಂತೆ. ಅದು ಸೋರಿದರೆ ಮೋಟರ್ ನಿಂತ ಕೂಡಲೇ ಪೈಪಿನ ನೀರು ಬಾವಿಗೇ ಇಳಿಯುತ್ತದೆ, ಅಲ್ವಾ? ಕ್ಯೂಲೆಕ್ಸ್ ಸೊಳ್ಳೆಯಿಂದ ಬಂದ ದಾರದಂಥ ಹುಳು ನಾಳದೊಳಗೇ ವರ್ಷಗಟ್ಟಲೆ ಇರುತ್ತದೆ. ನಾಳ ಅಗಲವಾಗಿ ಕವಾಟದ ಬಾಗಿಲುಗಳು ಒಂದಕ್ಕೊಂದು ಕೂಡುವುದಿಲ್ಲ. ರಸ ಕೆಳಗೇ ಉಳಿಯುತ್ತದೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಇದು ಹಳೇ ಕಾಯಿಲೆ. ಈ ಹುಳುವಿಗೆ ಮೂರು ಔಷಧ ಒಟ್ಟಿಗೆ ಕೊಡುವ ಪದ್ಧತಿಯನ್ನು ಯಾದಗಿರಿಯಲ್ಲೂ ಪರೀಕ್ಷಿಸಿದ್ದರು. ಆಶಾ ಕಾರ್ಯಕರ್ತೆ ಆನೆಕಾಲು ಮಾತ್ರೆ ತಂದರೆ ಮನೆಮಂದಿಯೆಲ್ಲ ಅವರೆದುರೇ ನುಂಗಿ. ಆಮೇಲೆ ನೋಡೋಣ ಅಂತ ಡಬ್ಬಿಯಲ್ಲಿ ಇಡಬೇಡಿ. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀರಾ ಕಾಯಿಲೆಯವರು ಮಾತ್ರ ತಗೊಳ್ಳಬಾರದು.

ಅವ್ವ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಲಿ. ಆ ಸಣ್ಣ ಕೊಳವೆಗಳಿಗೆ ಬೇಕಾದದ್ದು ಇದೇ. ರಾತ್ರಿ ಕಾಲಡಿ ದಿಂಬು ಇರಲಿ.

ಎಲ್ಲಕ್ಕಿಂತ ಮುಖ್ಯ, ದಿನಾ ಸಂಜೆ ಕಾಲು ತೊಳೆಯುವುದು. ಸೋಪು ಹಚ್ಚಿ, ಬೆರಳ ಸಂದಿಯನ್ನೂ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಹಿಮ್ಮಡಿ ಬಿರುಕನ್ನು ನೀವೇ ಕೂತು ನೋಡಿ. ಬಾವಿದ್ದ ಕಾಲಿಗೆ ಕೀಟಾಣು ನುಗ್ಗಲು ಅಷ್ಟು ಸಂದು ಸಾಕು, ಪ್ರತಿ ಸಲದ ಸೋಂಕೂ ಇನ್ನಷ್ಟು ನಾಳ ಕೆಡಿಸುತ್ತದೆ. ಕಾಲು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಶಾಖ ಕೊಡಬೇಡಿ, ತಿಕ್ಕಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.